ಹಾರೋದಕ್ಕಿಂತ ಮೊದಲು ಇಳಿಯೋದು: ಬೆಂಗಳೂರಿನಲ್ಲಿ ಪಾರ್ಕೋರ್ ಶುರು ಮಾಡುವವರಿಗೆ

ಗೋಡೆ, ಮೆಟ್ಟಿಲು, ಕಂಬಿಯಂಥ ಅಡೆತಡೆಗಳನ್ನು ಓಡುತ್ತಾ, ಜಿಗಿಯುತ್ತಾ, ಹತ್ತುತ್ತಾ ದಾಟುವ ವಿದ್ಯೆ ಪಾರ್ಕೋರ್. ಅದನ್ನು ಕಲಿಯಬೇಕು ಅಂತ ಬರುವ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಒಂದೇ. ‘ಅಕ್ಕಾ, ಗೋಡೆ ಹಾರೋಕೆ ಎಷ್ಟು ದಿನ ಬೇಕು?’ ನಾನು ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಹುಲ್ಲಿನ ಮೇಲೆ ನಿಲ್ಲಿಸಿ, ನಿಂತಲ್ಲೇ ಒಂದು ಸಣ್ಣ ಜಿಗಿತ ಜಿಗಿಯಿರಿ ಅನ್ನುತ್ತೇನೆ. ಕಾಲು ನೆಲ ಮುಟ್ಟಿದಾಗ ಧಡ್ ಅಂತ ಸದ್ದು ಬಂದರೆ ಪಾಠ ಅಲ್ಲಿಂದಲೇ ಶುರು. ಹತ್ತುವುದು, ಜಿಗಿಯುವುದು ನಮಗೆ ಚಿಕ್ಕಂದಿನಿಂದ ಅಷ್ಟಿಷ್ಟು ಬಂದೇ ಇರುತ್ತದೆ. ಕೆಳಗೆ ಬರುವುದನ್ನು ಮಾತ್ರ ಕೂತು ಕಲಿಯಬೇಕು. ನಾನು ಹೇಳುವ ಕ್ರಮವೆಲ್ಲ ಇದರ ಮೇಲೇ ನಿಂತಿದೆ.

ನಾನು ಕಾಲೇಜಿನಲ್ಲಿದ್ದಾಗ ಹನುಮಂತನಗರದ ಕಡೆಯ ಒಂದು ಪಾರ್ಕಿನಲ್ಲಿ ಶುರು ಮಾಡಿದವಳು. ಬೆಳಿಗ್ಗೆ ವಾಕಿಂಗ್ ಬರುವವರು ನಿಂತು ನೋಡುತ್ತಿದ್ದರು. ‘ಏನಮ್ಮಾ, ಕೋತಿರಾಜನ ತಂಗಿನಾ?’ ಅಂತ ಕೇಳಿದವರೂ ಇದ್ದಾರೆ. ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ನಮ್ಮ ಜನಕ್ಕೆ ಅಷ್ಟು ಪರಿಚಿತ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಅದು ಬೇರೆ ವಿದ್ಯೆ. ಪಾರ್ಕೋರ್ ಕಲಿಯುವವರು ಅಲ್ಲಿಂದ ಶುರು ಮಾಡಬಾರದು.

ಇದು ಸ್ಟಂಟ್ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು, ಯಾಕಂದರೆ ಕಲಿಯುವ ರೀತಿ ಅದರ ಮೇಲೆ ನಿಂತಿದೆ. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ತಾಲೀಮು ರೂಪಿಸಿದರು. ಓಡುವುದು, ಹತ್ತುವುದು, ಜಿಗಿಯುವುದು, ಭಾರ ಎತ್ತುವುದು, ಈಜುವುದು ಎಲ್ಲ ಅದರಲ್ಲಿತ್ತು. ಇನ್ನೊಬ್ಬರ ಉಪಯೋಗಕ್ಕೆ ಬರಬೇಕಾದರೆ ಮೈ ಗಟ್ಟಿಯಾಗಿರಬೇಕು ಅನ್ನುವುದು ಅವರ ಸೂತ್ರ. ಅಡೆತಡೆ ದಾಟುವ ಆ ತಾಲೀಮು ಮುಂದೆ ಅಲ್ಲಿನ ಸೇನೆಗೂ ಅಗ್ನಿಶಾಮಕ ದಳಕ್ಕೂ ಹೋಯಿತು. ರೇಮೋ ಬೆಲ್ ಪ್ಯಾರಿಸ್ಸಿನ ಅಗ್ನಿಶಾಮಕ ದಳದಲ್ಲಿದ್ದವರು. ಅವರ ಮಗ ಡೇವಿಡ್ ಬೆಲ್ ಮತ್ತು ಗೆಳೆಯರು ಪ್ಯಾರಿಸ್ ಹತ್ತಿರದ ಲಿಸ್ ಅನ್ನುವ ಊರಿನ ಗೋಡೆ, ಮೆಟ್ಟಿಲುಗಳ ಮೇಲೆ ಇದನ್ನು ಬೆಳೆಸಿದರು. 1997ರಲ್ಲಿ ಅವರದೊಂದು ಗುಂಪು ‘ಯಮಕಾಸಿ’ ಅನ್ನುವ ಹೆಸರು ಇಟ್ಟುಕೊಂಡಿತು. 2022ರಲ್ಲಿ ಟೋಕಿಯೊದಲ್ಲಿ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಪಾರ್ಕೋರ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಜಿಮ್ನಾಸ್ಟಿಕ್ಸ್‌ನವರ ಕೈಗೆ ಇದು ಹೋಗಬಾರದು ಅಂತ ವಿರೋಧಿಸಿದ ಅಭ್ಯಾಸಿಗಳೂ ಬಹಳ ಜನ ಇದ್ದಾರೆ. ಮತ್ತೆ ಅಗ್ನಿಶಾಮಕ ದಳದ ಮಾತಿಗೆ ಬರೋಣ. ಬೆಂಕಿ ಆರಿಸಲು ಹೋದವನು ಮೇಲೆ ಹತ್ತಿದರೆ ಸಾಲದು, ಒಬ್ಬರನ್ನು ಕರೆದುಕೊಂಡು ಕೆಳಗೂ ಬರಬೇಕು, ನಾಳೆ ಮತ್ತೆ ಡ್ಯೂಟಿಗೂ ಹೋಗಬೇಕು. ಈ ಲೆಕ್ಕ ತಲೆಯಲ್ಲಿದ್ದರೆ ನೀವು ಮಾಡುವ ಪ್ರತಿ ಜಿಗಿತದ ಆಯ್ಕೆಯೂ ಬದಲಾಗುತ್ತದೆ.

ಮೊದಲು: ಜಾಗ ನೋಡುವುದು

ಬೆಂಗಳೂರಿನ ಗೋಡೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹಳೇ ಬಡಾವಣೆಗಳ ಸೈಜುಗಲ್ಲಿನ ಗೋಡೆ ಒರಟಾಗಿರುತ್ತದೆ, ಶೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಮೇಲಿನ ಗಾರೆ ಉದುರಿದ್ದರೆ ತುದಿಯ ಕಲ್ಲು ಅಲ್ಲಾಡುತ್ತದೆ. ಸಾಲಿಡ್ ಬ್ಲಾಕ್ ಗೋಡೆಗೆ ಪ್ಲಾಸ್ಟರ್ ಆಗಿಲ್ಲದಿದ್ದರೆ ಕೈ ಇಟ್ಟ ಕಡೆ ಅಂಚು ಪುಡಿಯಾಗುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಕಟ್ಟೆಗಳು ನೋಡಲು ಚೆಂದ. ಒದ್ದೆಯಾದರೆ ಕಾಲು ನಿಲ್ಲುವುದೇ ಇಲ್ಲ. ಇನ್ನು ಮನೆಗಳ ಕಾಂಪೌಂಡ್ ಗೋಡೆಯ ಮೇಲೆ ಸಿಮೆಂಟಿನಲ್ಲಿ ಗಾಜಿನ ಚೂರು ನೆಟ್ಟಿರುತ್ತಾರೆ. ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ, ಕಾಗದದ ಹೂವಿನ ಬಳ್ಳಿ ಹಬ್ಬಿದ್ದರಂತೂ ಗೊತ್ತೇ ಆಗುವುದಿಲ್ಲ. ಹೇಗೂ ಅದು ಬೇರೆಯವರ ಗೋಡೆ. ಅದರ ತಂಟೆಗೆ ಹೋಗಲೇಬಾರದು.

ಹೊಸ ಜಾಗಕ್ಕೆ ಹೋದಾಗ ನಾನು ಮಾಡುವುದು ಇಷ್ಟು. ಗೋಡೆಯ ತುದಿಗೆ ಉದ್ದಕ್ಕೂ ಅಂಗೈ ಆಡಿಸುತ್ತೇನೆ. ಮೊಳೆ, ತಂತಿ, ಪಾರಿವಾಳದ ಹಿಕ್ಕೆ, ಇರುವೆ ಸಾಲು ಏನಿದ್ದರೂ ಕೈಗೆ ಸಿಗುತ್ತದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಅಲ್ಲಾಡಿಸುತ್ತೇನೆ. ರೇಲಿಂಗ್ ಆದರೆ ಬುಡದ ವೆಲ್ಡಿಂಗ್ ನೋಡಬೇಕು. ಮೇಲೆ ಹೊಸ ಪೇಂಟ್ ಇದ್ದು ಬುಡದಲ್ಲಿ ತುಕ್ಕು ತಿಂದಿರುವ ರೇಲಿಂಗ್‌ಗಳು ನಮ್ಮ ಪಾರ್ಕುಗಳಲ್ಲಿ ಬೇಕಾದಷ್ಟಿವೆ. ಶೂ ತುದಿಯನ್ನು ಗೋಡೆಗೆ ಒತ್ತಿ ಕೆಳಕ್ಕೆ ಎಳೆದರೆ ಎಷ್ಟು ಹಿಡಿಯುತ್ತದೆ ಅಂತ ತಿಳಿಯುತ್ತದೆ. ಕೊನೆಗೆ ಆ ಕಡೆ ಹೋಗಿ ನೋಡುವುದು. ಅಲ್ಲಿ ಚರಂಡಿ ಇರಬಹುದು, ಬೈಕ್ ನಿಲ್ಲಿಸಿರಬಹುದು, ನಾಯಿ ಮರಿ ಹಾಕಿರಬಹುದು. ಗೋಡೆ ಈ ಕಡೆ ಮೂರು ಅಡಿ ಇದ್ದು ಆ ಕಡೆ ಆರು ಅಡಿ ಆಳ ಇರುವುದು ಏರು ತಗ್ಗಿನ ಈ ಊರಿನಲ್ಲಿ ಮಾಮೂಲು.

ಇಳಿಯುವ ನೆಲವನ್ನೂ ಹೀಗೇ ನೋಡಬೇಕು. ಫುಟ್‌ಪಾತಿನ ಚಪ್ಪಡಿ ಕಲ್ಲುಗಳ ಕೆಳಗೆ ಸಾಮಾನ್ಯವಾಗಿ ಚರಂಡಿ ಇರುತ್ತದೆ. ಕಲ್ಲಿನ ಮೇಲೆ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕಿ. ಡಕ್ ಡಕ್ ಅಂತ ಸದ್ದು ಬಂದರೆ ಅಲ್ಲಿ ಇಳಿಯಬೇಡಿ, ಅಷ್ಟೆ.

ಕಾಲಮಾನದ ಲೆಕ್ಕವೂ ಇದೆ. ಜೂನಿನಲ್ಲಿ ನೇರಳೆ ಮರದ ಕೆಳಗೆ ಹಣ್ಣು ಬಿದ್ದು ನೆಲವೆಲ್ಲ ಜಾರುತ್ತದೆ. ಮಳೆಗಾಲದಲ್ಲಿ ಬಿಸಿಲು ಬೀಳದ ಗೋಡೆಗೆ ಪಾಚಿ ಕಟ್ಟುತ್ತದೆ, ಅದು ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂಜೆ ಮಳೆ ಬರುವುದೇ ಜಾಸ್ತಿ, ಹಾಗಾಗಿ ಅಭ್ಯಾಸ ಬೆಳಿಗ್ಗೆ ಇಟ್ಟುಕೊಳ್ಳಿ. ಮಳೆ ಬಂದ ದಿನ ಗೋಡೆ ಬೇಡ, ನೆಲದ ಅಭ್ಯಾಸ ಸಾಕು.

ಎಲ್ಲಿ ಮಾಡಬಹುದು? ಬಡಾವಣೆಯ ಪಾರ್ಕಿನ ಹುಲ್ಲುಹಾಸು (ಮೇಲೆ ಓಡಾಡಲು ಬಿಡುವುದಾದರೆ), ಗಟ್ಟಿಯಾದ ಕಲ್ಲು ಬೆಂಚು, ಬಯಲು ರಂಗಮಂದಿರದ ಮೆಟ್ಟಿಲು, ಓಪನ್ ಜಿಮ್ಮಿನ ಕಂಬಿ, ಅನುಮತಿ ಕೊಡುವ ಶಾಲೆಯ ಮೈದಾನ. ಇಷ್ಟಿದ್ದರೆ ಮೊದಲ ವರ್ಷಕ್ಕೆ ಬೇರೇನೂ ಬೇಕಾಗಿಲ್ಲ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು, ಅಲ್ಲಿನ ಸಿಬ್ಬಂದಿ ಬೇಡ ಅಂದ ಕಡೆ ಬೇಡ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಮೇಲೆ ಕೂತು ಸೂರ್ಯೋದಯ ನೋಡಿ, ಜಿಗಿಯಬೇಡಿ. ಮೆಟ್ರೋ ನಿಲ್ದಾಣ, ಫ್ಲೈಓವರ್, ಕಟ್ಟುತ್ತಿರುವ ಕಟ್ಟಡ, ದೇವಸ್ಥಾನದ ಗೋಡೆ ಯಾವುದೂ ಬೇಡ. ಟೆರೇಸಿಂದ ಟೆರೇಸಿಗೆ ಅನ್ನುವ ಯೋಚನೆಯೇ ಬೇಡ. ನಮ್ಮ ಗಲ್ಲಿಗಳಲ್ಲಿ ಮನೆಗಳು ಅಂಟಿಕೊಂಡಂತೆ ಇರುವುದರಿಂದ ಅದು ಸುಲಭ ಅನ್ನಿಸುತ್ತದೆ. ನಡುವೆ ಕರೆಂಟ್ ವೈರು, ಕೇಬಲ್ಲು ಹಾದುಹೋಗಿರುತ್ತವೆ, ಕೆಳಗೆ ಜನ ಓಡಾಡುತ್ತಿರುತ್ತಾರೆ.

ಮೈ ಹದ ಮಾಡುವುದು

ಇದಕ್ಕೆ ದುಬಾರಿ ಜಿಮ್ ಬೇಡ. ಬೆಂಗಳೂರು ಪೇಟೆಯ ಗರಡಿಮನೆಗಳಲ್ಲಿ ತಲೆತಲಾಂತರದಿಂದ ಮಾಡುತ್ತಿರುವ ಬಸ್ಕಿ ಮತ್ತು ದಂಡ ಸಾಕು. ಕರಗದ ವೀರಕುಮಾರರು ತಾಲೀಮು ಮಾಡುವುದೂ ಗರಡಿಯಲ್ಲೇ. ಬಸ್ಕಿ ತೊಡೆಗೆ, ದಂಡ ಭುಜ ಮತ್ತು ಸೊಂಟಕ್ಕೆ. ಇದರ ಜೊತೆ ಕಂಬಿಗೆ ಸುಮ್ನೆ ಜೋತು ಬೀಳುವುದನ್ನು ರೂಢಿಸಿಕೊಳ್ಳಿ. ಹಿಡಿತ ಬರುತ್ತದೆ.

ಪಾರ್ಕೋರ್‌ಗೇ ವಿಶೇಷವಾದ ಒಂದು ಅಭ್ಯಾಸ ನಾಲ್ಕು ಕಾಲಿನ ನಡಿಗೆ. ಅಂಗೈ ಮತ್ತು ಪಾದದ ತುದಿ ನೆಲಕ್ಕೆ, ಮಂಡಿ ನೆಲದಿಂದ ಸ್ವಲ್ಪ ಮೇಲೆ, ಸೊಂಟ ಕೆಳಗೆ. ಬಲಗೈ ಮುಂದಿಟ್ಟಾಗ ಎಡಗಾಲು. ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ, ಆಮೇಲೆ ಮೆಟ್ಟಿಲ ಮೇಲೆ. ಒಂದು ಬ್ಯಾಡ್ಮಿಂಟನ್ ಕೋರ್ಟಿನ ಉದ್ದ ಹೋಗಿ ಬಂದರೆ ಎಲ್ಲೆಲ್ಲಿ ಬಲ ಇಲ್ಲ ಅಂತ ಮೈಯೇ ಹೇಳುತ್ತದೆ. ಹಳ್ಳಿಯಲ್ಲಿ ಮರಕೋತಿ ಆಡಿ ಬೆಳೆದವರಿಗೆ ಇದು ಬೇಗ ಕೈವಶವಾಗುತ್ತದೆ, ಗಮನಿಸಿದ್ದೇನೆ.

ಶೂ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೋಲ್ ಚಪ್ಪಟೆಯಾಗಿರಲಿ, ಮೆತ್ತನೆ ರಬ್ಬರಿನದ್ದಾಗಿರಲಿ. ಹಿಮ್ಮಡಿ ಎತ್ತರ ಇರುವ ದಪ್ಪ ರನ್ನಿಂಗ್ ಶೂನಲ್ಲಿ ಕಾಲಿಗೆ ನೆಲವೇ ತಿಳಿಯುವುದಿಲ್ಲ. ಜೇಬಿನಿಂದ ಮೊಬೈಲು, ಗಾಡಿ ಕೀ ತೆಗೆದು ಬ್ಯಾಗಿಗೆ ಹಾಕಿ. ಉಂಗುರ, ಬಳೆ, ಕೊರಳಿನ ಸರ ಮನೆಯಲ್ಲೇ ಬಿಟ್ಟು ಬನ್ನಿ.

ಇಳಿಯುವುದು

ಇಲ್ಲಿ ಆತುರ ಪಡಬೇಡಿ. ಹುಲ್ಲು ಅಥವಾ ಮಣ್ಣಿನ ನೆಲದಲ್ಲಿ ನಿಂತಲ್ಲಿಂದ ಮುಂದಕ್ಕೆ ಸಣ್ಣದಾಗಿ ಜಿಗಿಯಿರಿ. ನೆಲಕ್ಕೆ ಮೊದಲು ತಾಗಬೇಕಾದ್ದು ಬೆರಳುಗಳ ಹಿಂದಿರುವ ಪಾದದ ದಪ್ಪ ಭಾಗ. ಹಿಮ್ಮಡಿ ಮೊದಲು ಬಿದ್ದರೆ ಪೆಟ್ಟು ನೇರ ಮಂಡಿಗೆ, ಅಲ್ಲಿಂದ ಬೆನ್ನಿಗೆ ಹೋಗುತ್ತದೆ. ಪಾದ ತಾಗಿದ ಕೂಡಲೇ ಹಿಮ್ಮಡಿಯ ಕೀಲು, ಮಂಡಿ, ಸೊಂಟ ಮೂರೂ ಬಗ್ಗಬೇಕು. ನಿಲ್ಲಲು ತೆಗೆದುಕೊಳ್ಳುವ ಹೊತ್ತು ಹೆಚ್ಚಾದಷ್ಟೂ ಮೈಗೆ ಬೀಳುವ ಹೊಡೆತ ಕಡಿಮೆ, ಗುಟ್ಟು ಇರುವುದು ಇಷ್ಟೇ. ಆದರೆ ತೀರಾ ಕೆಳಗೆ ಕುಕ್ಕರಿಸಬಾರದು. ತೊಡೆ ನೆಲಕ್ಕೆ ಸಮನಾಗುವ ಮಟ್ಟಕ್ಕಿಂತ ಮೇಲೇ ನಿಲ್ಲಿ. ಅದಕ್ಕಿಂತ ಕೆಳಗೆ ಹೋದರೆ ಭಾರ ತೊಡೆಯಿಂದ ಮಂಡಿಯ ಕೀಲಿಗೆ ಜಾರುತ್ತದೆ.

ಇನ್ನೊಂದು ವಿಷಯಕ್ಕೆ ಕನ್ನಡಿ ಅಥವಾ ಗೆಳೆಯರ ಕಣ್ಣು ಬೇಕು. ಇಳಿದಾಗ ಮಂಡಿಗಳು ಒಳಕ್ಕೆ ವಾಲುತ್ತವೆಯೇ ಅಂತ ಮುಂದಿನಿಂದ ನೋಡಬೇಕು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಬಗ್ಗಬೇಕು. ಹುಡುಗಿಯರು ಇದಕ್ಕೆ ವಿಶೇಷ ಗಮನ ಕೊಡಿ. ಜಿಗಿತದ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುವುದು ಹುಡುಗಿಯರಲ್ಲಿ ಜಾಸ್ತಿ, ಕ್ರೀಡಾವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ಮಂಡಿ ಒಳಕ್ಕೆ ವಾಲುತ್ತಿದ್ದರೆ ಎತ್ತರ ಹೆಚ್ಚಿಸಬೇಡಿ. ತೊಡೆ, ಪೃಷ್ಠದ ಬಲ ಬೆಳೆಸಿ, ಒಂಟಿಕಾಲಿನಲ್ಲಿ ನಿಧಾನವಾಗಿ ಕೂತು ಏಳುವ ಅಭ್ಯಾಸ ಮಾಡಿ.

ಪರೀಕ್ಷೆ ಕಿವಿಗೆ ಬಿಟ್ಟದ್ದು. ಸದ್ದಿಲ್ಲದೆ ಇಳಿದು, ಅಲ್ಲಾಡದೆ ನಿಂತರೆ ಅದು ಒಂದು ಸರಿಯಾದ ಇಳಿತ. ಒಂದು ಹೆಜ್ಜೆ ಆಚೆ ಈಚೆ ಇಟ್ಟರೂ ಲೆಕ್ಕಕ್ಕಿಲ್ಲ. ಸಾಲಾಗಿ ಹತ್ತು ಸಲ ಹಾಗೆ ಆದರೆ ಒಂದು ಇಟ್ಟಿಗೆಯ ಎತ್ತರಕ್ಕೆ ಹೋಗಿ. ಅಲ್ಲಿಯೂ ಹತ್ತು ಆದರೆ ಫುಟ್‌ಪಾತಿನ ಅಂಚು, ಆಮೇಲೆ ಕಲ್ಲು ಬೆಂಚು. ಬೆಂಚಿನ ಎತ್ತರದಲ್ಲಿ ತಿಂಗಳುಗಟ್ಟಲೆ ಇರಬೇಕು. ಮಾಂಸಖಂಡ ವಾರಗಳಲ್ಲಿ ಬಲ ಪಡೆಯುತ್ತದೆ, ಮಂಡಿ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಗಟ್ಟಿಯಾಗಲು ಇನ್ನೂ ಎಷ್ಟೋ ಹೆಚ್ಚು ಸಮಯ ಬೇಕು. ‘ನನಗೇನೂ ನೋಯ್ತಿಲ್ಲ’ ಅಂತ ಬೇಗ ಎತ್ತರ ಏರಿಸಿದವರಿಗೆ ಆಮೇಲೆ ಮೆಟ್ಟಿಲು ಇಳಿಯುವಾಗಲೂ ಮಂಡಿ ಹಿಡಿದುಕೊಳ್ಳುವ ಸ್ಥಿತಿ ಬರುತ್ತದೆ.

ಉರುಳುವುದು

ಮುಂದಕ್ಕೆ ವೇಗ ಇದ್ದಾಗ ಕಾಲು ಒಂದೇ ಆ ಬಲವನ್ನು ಹೀರಲಾರದು. ಆಗ ಉರುಳಬೇಕು. ಇದು ಶಾಲೆಯ ಪಿ.ಟಿ. ಪೀರಿಯಡ್ಡಿನ ಲಾಗ ಅಲ್ಲ. ಆ ಲಾಗದಲ್ಲಿ ಬೆನ್ನುಮೂಳೆ ನೇರ ನೆಲಕ್ಕೆ ತಾಗುತ್ತದೆ, ಮ್ಯಾಟ್ ಇದ್ದರೆ ಪರವಾಗಿಲ್ಲ. ಕಾಂಕ್ರೀಟ್ ಮೇಲೆ ಹಾಗೆ ಮಾಡಿದರೆ ಒಂದೊಂದು ಮೂಳೆಗೂ ಪೆಟ್ಟು. ಪಾರ್ಕೋರ್‌ನಲ್ಲಿ ಉರುಳುವುದು ಓರೆಯಾಗಿ, ಒಂದು ಭುಜದಿಂದ ಎದುರು ಸೊಂಟಕ್ಕೆ.

ಬಲಗಾಲು ಮುಂದಿಟ್ಟು, ಎಡ ಮಂಡಿ ನೆಲಕ್ಕೆ ಊರಿ ಕೂರಿ. ಎರಡೂ ಅಂಗೈ ನೆಲದ ಮೇಲಿಡಿ. ಮುಖ ಎಡಕ್ಕೆ ತಿರುಗಿಸಿ ಎಡ ಕಂಕುಳ ಕಡೆ ನೋಡಿ, ಗಲ್ಲ ಎದೆಗೆ. ಈಗ ಬಲ ಭುಜದ ಹಿಂಭಾಗ ನೆಲಕ್ಕೆ ಬರುವಂತೆ ಹಿಂಗಾಲಿನಿಂದ ತಳ್ಳಿ. ತಲೆ ನೆಲ ಮುಟ್ಟಬಾರದು. ಬೆನ್ನು ಅಡ್ಡಡ್ಡಲಾಗಿ ದಾಟಿ ಎಡ ಸೊಂಟದ ಮೇಲೆ ಬಂದು, ಮಡಿಸಿದ ಎಡಗಾಲಿನ ಮೇಲೆ ಎದ್ದು ನಿಲ್ಲಬೇಕು.

ಸರಿ ಆಯಿತೋ ಇಲ್ಲವೋ ಅಂತ ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದು. ಹಳೆಯ ಬಿಳಿ ಟೀ ಶರ್ಟ್ ಹಾಕಿಕೊಂಡು ಕೆಮ್ಮಣ್ಣಿನ ನೆಲದಲ್ಲಿ ಉರುಳಿ, ಶರ್ಟ್ ಬಿಚ್ಚಿ ನೋಡಿ. ಕೆಂಪು ಗುರುತು ಬಲ ಭುಜದಿಂದ ಎಡ ಸೊಂಟಕ್ಕೆ ಜನಿವಾರದ ಹಾಗೆ ಓರೆಯಾಗಿ ಇಳಿದಿದ್ದರೆ ಸರಿ. ನಟ್ಟ ನಡುವೆ ಬೆನ್ನುಮೂಳೆಯ ಉದ್ದಕ್ಕೆ ಇದ್ದರೆ ಇನ್ನೂ ಹುಲ್ಲಿನ ಮೇಲೇ ಇರಿ. ಕುತ್ತಿಗೆಯ ಹತ್ತಿರ ಮಣ್ಣಿದ್ದರೆ ನಿಲ್ಲಿಸಿ, ಮಂಡಿಯೂರಿ ಕೂತು ಮೊದಲಿನಿಂದ ಮಾಡಿ. ಶರ್ಟ್ ಒಗೆಯುವ ಅಮ್ಮನಿಗೆ ಮೊದಲೇ ಹೇಳಿಬಿಡಿ, ಇಲ್ಲವೇ ನೀವೇ ಒಗೆದುಕೊಳ್ಳಿ. ಎಡ ಭುಜದ ಮೇಲೂ ಇದನ್ನೇ ಕಲಿಯಬೇಕು. ಬೀಳುವಾಗ ಭುಜ ಆರಿಸಿಕೊಳ್ಳಲು ಪುರುಸೊತ್ತು ಇರುವುದಿಲ್ಲ.

ಗುರಿ ಇಟ್ಟು ಜಿಗಿಯುವುದು, ಆಮೇಲೆ ದಾಟುವುದು

ಕುಂಟೆಬಿಲ್ಲೆ ಆಡಲು ಗೆರೆ ಎಳೆಯುತ್ತಿದ್ದೆವಲ್ಲ, ಹಾಗೇ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಎರಡು ಗೆರೆ ಎಳೆಯಿರಿ. ನಡುವಿನ ದೂರವನ್ನು ನಿಮ್ಮ ಶೂನಿಂದಲೇ ಅಳೆಯಿರಿ, ಹಿಮ್ಮಡಿಗೆ ತುದಿ ಮುಟ್ಟಿಸುತ್ತಾ. ಪಾರ್ಕೋರ್ ಮಾಡುವವರು ದೂರವನ್ನು ಹೇಳುವುದೇ ಹೀಗೆ, ಇಷ್ಟು ಹೆಜ್ಜೆ ಅಂತ. ನಿಮ್ಮ ಅಳತೆ ನಿಮ್ಮ ಮೈಯದ್ದೇ ಆಗಿರುವುದರಿಂದ ಯಾವ ಜಾಗಕ್ಕೆ ಹೋದರೂ ಲೆಕ್ಕ ಸಿಗುತ್ತದೆ. ನಿಂತಲ್ಲಿಂದ ಜಿಗಿದು ಎರಡೂ ಪಾದದ ಮುಂಭಾಗ ಗೆರೆಯ ಮೇಲೆ ಬರಬೇಕು, ಅಲ್ಲೇ ನಿಲ್ಲಬೇಕು. ಗೆರೆಯ ಮೇಲೆ ತಪ್ಪದೆ ನಿಲ್ಲುವ ದೂರವನ್ನಷ್ಟೇ ಫುಟ್‌ಪಾತಿನ ಅಂಚಿಗೆ ಒಯ್ಯಿರಿ. ಇದರ ನಡುನಡುವೆ ಪಾದದೆತ್ತರದ ಕಂಬಿ ಅಥವಾ ಅಂಚುಗಲ್ಲಿನ ಮೇಲೆ ನಡೆಯಿರಿ, ಕಣ್ಣು ಕಾಲಿನ ಮೇಲೆ ಬೇಡ, ಕಂಬಿಯ ತುದಿಯ ಮೇಲಿರಲಿ.

ಗೋಡೆ ದಾಟುವುದರಲ್ಲಿ ಮೊದಲು ಕಲಿಯಬೇಕಾದ್ದು ಸ್ಟೆಪ್ ವಾಲ್ಟ್. ಸೊಂಟಕ್ಕಿಂತ ತಗ್ಗಿನ ಗಟ್ಟಿ ಗೋಡೆ ಅಥವಾ ಬೆಂಚು ಸಾಕು. ನಡೆದು ಬಂದು ಬಲಗೈ ಗೋಡೆಯ ಮೇಲೆ, ಎಡ ಪಾದ ಅದರಿಂದ ಎಡಕ್ಕೆ ಸ್ವಲ್ಪ ದೂರ. ಕೈ ಮತ್ತು ಪಾದದ ನಡುವಿನ ಜಾಗದಲ್ಲಿ ಬಲಗಾಲನ್ನು ತೂರಿಸಿ ಆ ಕಡೆ ಇಳಿಯಿರಿ. ಮೊದಲು ನಡೆಯುತ್ತಾ, ಆಮೇಲೆ ನಿಧಾನ ಓಟದಲ್ಲಿ, ಎರಡೂ ಬದಿಗೆ. ಓಡುವ ಲಯ ಮುರಿಯದೆ ದಾಟಿದರೆ ಅದು ನಿಮ್ಮದಾಯಿತು. ಸ್ಪೀಡ್ ವಾಲ್ಟ್, ಲೇಜಿ ವಾಲ್ಟ್ ಅನ್ನುವ ದಾಟುವ ಬೇರೆ ರೀತಿಗಳು ಅದರ ನಂತರ. ಎರಡೂ ಕೈ ಊರಿ ಕಾಲುಗಳನ್ನು ಕೈಗಳ ನಡುವೆ ಒಳಗೆ ಎಳೆದುಕೊಂಡು ಹಾರುವ ಕಾಂಗ್ ವಾಲ್ಟ್ ಎಲ್ಲರಿಗೂ ಇಷ್ಟ. ಶೂ ತುದಿ ಗೋಡೆಗೆ ಸಿಕ್ಕಿಕೊಂಡರೆ ಮುಖ ನೆಲಕ್ಕೆ, ಆದ್ದರಿಂದ ಅದನ್ನು ಗೊತ್ತಿರುವವರು ಪಕ್ಕದಲ್ಲಿದ್ದಾಗ ಮಾತ್ರ ಕಲಿಯಿರಿ.

ಭಯ ಬಂದಾಗ

ಭಯ ಬರುತ್ತದೆ. ಅದನ್ನು ಹೊಡೆದೋಡಿಸಬೇಕು ಅಂತ ಹೇಳುವವರ ಮಾತು ನನಗೆ ಹಿಡಿಸುವುದಿಲ್ಲ. ಭಯ ಏನು ಹೇಳುತ್ತಿದೆ ಅಂತ ಕೇಳಿ. ಇದೇ ದೂರವನ್ನು ನೆಲದ ಮೇಲೆ ಎಷ್ಟು ಸಲ ತಪ್ಪಿಲ್ಲದೆ ಜಿಗಿದಿದ್ದೇನೆ? ತಪ್ಪಿದರೆ ಎಲ್ಲಿ ಬೀಳುತ್ತೇನೆ? ಬಿದ್ದರೆ ಇಳಿಯುವ ದಾರಿ ಇದೆಯಾ? ಮೂರಕ್ಕೂ ಉತ್ತರ ಇದ್ದೂ ಕಾಲು ಏಳದಿದ್ದರೆ ಅದು ಬರೀ ಎತ್ತರದ ಅಳುಕು, ಸ್ವಲ್ಪ ಕಡಿಮೆ ಎತ್ತರದಲ್ಲಿ ಮಾಡುತ್ತಾ ಬಂದರೆ ಕರಗುತ್ತದೆ. ಒಂದಕ್ಕಾದರೂ ಉತ್ತರ ಇಲ್ಲದಿದ್ದರೆ ಭಯ ಹೇಳುತ್ತಿರುವುದು ಸರಿ, ಇವತ್ತು ಬೇಡ. ಬೇಡ ಅನ್ನಿಸಿದ ಜಿಗಿತವನ್ನು ಗೆಳೆಯರು ಮೊಬೈಲ್ ಹಿಡಿದು ನಿಂತಿದ್ದಾರೆ ಅಂತ ಮಾಡಬೇಡಿ. ‘ಕೊನೇದೊಂದು’ ಅಂತ ದಣಿದ ಮೈಯಲ್ಲಿ, ಮಬ್ಬು ಬೆಳಕಿನಲ್ಲಿ ಮಾಡುವುದೂ ಬೇಡ.

ಪೆಟ್ಟಾದರೆ

ಅಂಗೈ ಸಿಪ್ಪೆ ಏಳುವುದು ಮಾಮೂಲು. ಸೋಪು ನೀರಿನಲ್ಲಿ ತೊಳೆದು ಬ್ಯಾಂಡೇಜ್ ಹಾಕಿ. ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಗಾಯ ಆರಿದ ಮೇಲೆ, ರಾತ್ರಿ ಮಾತ್ರ. ಬೆಳಿಗ್ಗೆ ಹಚ್ಚಿದರೆ ಕಂಬಿ ಜಾರುತ್ತದೆ.

ಕಾಲು ಉಳುಕಿದರೆ ಅವತ್ತಿಗೆ ಅಭ್ಯಾಸ ಮುಗಿಯಿತು. ಕಾಲು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ. ಎಣ್ಣೆ ಹಾಕಿ ನೀವಿಸಬೇಡಿ. ಆ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹಿಮ್ಮಡಿ ಕೀಲಿನ ಅಕ್ಕಪಕ್ಕದ ಮೂಳೆಯನ್ನು ಒತ್ತಿದರೆ ನೋವಾದರೆ ಎಕ್ಸ್‌ರೇ ಮಾಡಿಸಲೇಬೇಕು. ಮನೆಯ ಹಿರಿಯರು ಪುತ್ತೂರು ಕಟ್ಟಿಗೆ ಹೋಗೋಣ ಅನ್ನುತ್ತಾರೆ. ಮೂಳೆ ಮುರಿದಿದೆಯೋ ಇಲ್ಲವೋ ಅಂತ ಎಕ್ಸ್‌ರೇ ನೋಡಿ ಡಾಕ್ಟರು ಹೇಳುವ ತನಕ ಯಾರ ಕೈಗೂ ಕಾಲು ಕೊಡಬೇಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಕು, ತಲೆನೋವು ಇದ್ದರೆ ತಡ ಮಾಡದೆ ಆಸ್ಪತ್ರೆಗೆ. ಒಬ್ಬರೇ ಅಭ್ಯಾಸಕ್ಕೆ ಹೋಗಬೇಡಿ ಅನ್ನುವುದು ಇದೇ ಕಾರಣಕ್ಕೆ.

ಸುತ್ತಲಿನ ಜನ, ಕಲಿಸುವವರು

ವಾಚ್‌ಮನ್ ಬಂದು ‘ಇಲ್ಲೆಲ್ಲ ಹಾರಬಾರದು’ ಅಂದರೆ ಮೊದಲು ನಿಲ್ಲಿಸಿ, ಆಮೇಲೆ ಮಾತಾಡಿ. ‘ಅಣ್ಣಾ, ಏನೂ ಹಾಳು ಮಾಡಲ್ಲ, ಆ ಮೂಲೆಯ ಹುಲ್ಲಿನ ಮೇಲೆ ಮಾಡಿಕೊಳ್ಳಬಹುದಾ?’ ಅಂತ ಕೇಳಿದರೆ ಎಷ್ಟೋ ಸಲ ಅವರೇ ಜಾಗ ತೋರಿಸುತ್ತಾರೆ. ಬೇಡ ಅಂದರೆ ವಾದ ಬೇಡ, ಹೊರಡಿ. ನೀವು ಜಗಳ ಮಾಡಿ ಹೋದರೆ ನಾಳೆ ಬರುವ ಹುಡುಗರಿಗೂ ಆ ಪಾರ್ಕು ಮುಚ್ಚಿಹೋಗುತ್ತದೆ. ಅಜ್ಜ ಅಜ್ಜಿಯರು ವಾಕಿಂಗ್ ಮಾಡುವ ದಾರಿಗೆ ಅಡ್ಡ ಜಿಗಿಯಬೇಡಿ, ಮಕ್ಕಳ ಜಾರುಬಂಡಿ ಮಕ್ಕಳಿಗೇ ಇರಲಿ. ಬೆಂಚಿನ ಮೇಲೆ ಶೂ ಗುರುತು ಬಿದ್ದರೆ ಒರೆಸಿ ಬನ್ನಿ.

ಮನೆಯಲ್ಲಿ ಮುಚ್ಚಿಡಬೇಡಿ. ‘ಕೈಕಾಲು ಮುರ್ಕೊಂಡ್ರೆ ಯಾರು ನೋಡ್ತಾರೆ?’ ಅನ್ನುವ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡಲಾಗುವುದಿಲ್ಲ. ಒಂದು ಭಾನುವಾರ ಕರೆದುಕೊಂಡು ಬಂದು ತೋರಿಸಿ. ನನ್ನಮ್ಮ ಬಂದು ನೋಡಿದ್ದು ನಾನು ಹುಲ್ಲಿನ ಮೇಲೆ ಉರುಳುವುದನ್ನು, ಬೆಂಚಿನಿಂದ ಸದ್ದಿಲ್ಲದೆ ಇಳಿಯುವುದನ್ನು. ‘ಇಷ್ಟೇನಾ?’ ಅಂದರು. ಆಮೇಲೆ ಬೆಳಿಗ್ಗೆ ಬೇಗ ಎಬ್ಬಿಸುವ ಕೆಲಸ ಅವರೇ ವಹಿಸಿಕೊಂಡರು. ಹದಿನೆಂಟು ತುಂಬದವರು ಮನೆಯವರ ಒಪ್ಪಿಗೆ ಇಲ್ಲದೆ ಶುರು ಮಾಡಲೇಬೇಡಿ.

ನಗರದಲ್ಲಿ ಈಗ ಕಲಿಸುವವರು ಸಿಗುತ್ತಾರೆ, ಕೆಲವು ಜಿಮ್ನಾಸ್ಟಿಕ್ಸ್ ಹಾಲ್‌ಗಳಲ್ಲಿ ಮ್ಯಾಟ್ ಮೇಲೂ ಅಭ್ಯಾಸ ಮಾಡಬಹುದು. ದುಡ್ಡು ಕಟ್ಟುವ ಮೊದಲು ಒಂದು ತರಗತಿಯನ್ನು ಪಕ್ಕದಲ್ಲಿ ಕೂತು ಪೂರ್ತಿ ನೋಡಿ. ಮೈ ಬಿಸಿ ಮಾಡಿಸಲು ಎಷ್ಟು ಹೊತ್ತು ಕೊಡುತ್ತಾರೆ? ಹೊಸಬರನ್ನು ಹಳಬರಿಂದ ಬೇರೆ ಮಾಡಿ ಕಲಿಸುತ್ತಾರಾ? ಒಬ್ಬ ಹುಡುಗ ‘ಸರ್, ನಂಗೆ ಇವತ್ತು ಆಗಲ್ಲ’ ಅಂದರೆ ಏನನ್ನುತ್ತಾರೆ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ ಅಂತ ಕೇಳಿ, ತೆರೆದು ತೋರಿಸಲು ಹೇಳಿ. ಮೊದಲ ವಾರದಲ್ಲೇ ಬ್ಯಾಕ್‌ಫ್ಲಿಪ್ ಕಲಿಸುತ್ತೇನೆ ಅನ್ನುವವರಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಮೊದಲ ತರಗತಿ ಪೂರ್ತಿ ನಿಮ್ಮನ್ನು ನೆಲದ ಮೇಲೇ ಇಳಿಸಿ, ಉರುಳಿಸಿ ಬೆವರಿಳಿಸುವವರು ಸಿಕ್ಕರೆ ಮಾರನೇ ದಿನವೇ ಹೆಸರು ಕೊಡಿ.